ಒಂಬೈನೂರ ತೊಂಬತ್ತೆಂಟು ಗೇಟುಗಳು

ತಂಗಿಯ ಮನೆಯ ಹೊಲಿಗೆ ಯಂತ್ರಕ್ಕೆ ಹೊದಿಸಿದ ಬಟ್ಟೆ ಮೂರು ತಿಂಗಳಿಂದ ಸರಿದಿರಲಿಲ್ಲ. ಅರ್ಧ ಹೊಲಿದ ಶಾಲೆಯ ಅಂಗಿಗಳು ಪಕ್ಕದ ಬುಟ್ಟಿಯಲ್ಲಿ ತೋಳಿಲ್ಲದೆ ಮಲಗಿದ್ದವು. ಅವುಗಳನ್ನು ಕೇಳಿಕೊಂಡು ಬಂದವರು ಬಾಗಿಲಲ್ಲೇ ನಿಂತು, ಅವಳ ಮುಖ ನೋಡಿ, "ನಿಧಾನಕ್ಕೆ ಕೊಡಿ, ಅವಸರವೇನಿಲ್ಲ" ಎಂದು ಹಿಂದಿರುಗಿದ್ದರು.

ಅಣ್ಣ ಒಳಗೆ ಬಂದು ಕುಳಿತ ಮೇಲೆ ಅವಳು ಕಪಾಟಿನಿಂದ ಒಂದು ಲಕೋಟೆ ತಂದು ಅವನ ಮುಂದಿಟ್ಟಳು.

"ಇದನ್ನ ತಗೊಂಡು ಹೋಗು ಅಣ್ಣ. ಅವರ ಕೈಗಡಿಯಾರ, ಬಾಚಣಿಗೆ ನಾನಿಟ್ಕೊಂಡೆ. ಈ ಬಿಲ್ಲೆ ನಿಮ್ಮ ಆಫೀಸಿನದು. ಕಣ್ಣೆದುರು ಇರಬಾರದು."

"ತನಿಖೆ ಮುಗೀತಾ?"

"ಮುಗೀತಂತೆ. ಬರೆದೂ ಕೊಟ್ಟಿದ್ದಾರೆ, ಅದರಲ್ಲೇ ಇದೆ. ಬಿಲ್ಲೆ ಒತ್ತಿಲ್ಲ, ಕೊಡಲಿ ಮುಟ್ಟಿಲ್ಲ."

"ಬರೆಯೋರು ಏನು ಬೇಕಾದ್ರೂ ಬರೀತಾರೆ ಬಿಡು."

"ಅವರು ಬರೀದೇ ಇದ್ದದ್ದು ನನಗೆ ಗೊತ್ತಲ್ಲ. ಆವತ್ತು ಬೆಳಿಗ್ಗೆ, 'ಇವತ್ತು ಮನೆಗೆ ಬರಲೇಬೇಡಿ' ಅಂದೆ. ಬರಲಿಲ್ಲ." ಅವಳು ನಗಲು ನೋಡಿದಳು, ಅದು ನಗುವಾಗಲಿಲ್ಲ. "ಹದಿನಾರು ವರ್ಷದಲ್ಲಿ ನನ್ನ ಮಾತು ಕೇಳಿದ್ದು ಅದೊಂದೇ ಸಲ."

ಅಣ್ಣ ತಲೆ ತಗ್ಗಿಸಿದ. 

ತಂಗಿಯ ಗಂಡ ಒಂದು ಶೀತಲ ಗೋದಾಮಿನಲ್ಲಿ ಮೇಸ್ತ್ರಿಯಾಗಿದ್ದ. ನೀರು ಕಲ್ಲಾಗುವ ಚಳಿಯಲ್ಲಿ ಪೆಟ್ಟಿಗೆಗಳನ್ನು ಸಾಲುಗಟ್ಟಿ ಇಡಿಸುವುದು, ಎಣಿಸುವುದು, ಇಳಿಸುವುದು ಅವನ ಕೆಲಸ. ಆ ಶನಿವಾರ ಮಧ್ಯಾಹ್ನ ಕೆಲಸದವರನ್ನೆಲ್ಲ ಕಳಿಸಿ, ಎಣಿಕೆಯೊಂದು ತಾಳೆಯಾಗಲಿಲ್ಲವೆಂದು ಅವನೊಬ್ಬನೇ ಮತ್ತೆ ಒಳಗೆ ಹೋದ. ಬಾಗಿಲು ಹಿಂದೆ ಮುಚ್ಚಿಕೊಂಡಿತು. ಒಳಗಿನ ಹಿಡಿಕೆ ಮಂಜುಗಟ್ಟಿ ಕಚ್ಚಿಕೊಂಡಿತ್ತು. ಫೋನು ಹೊರಗಿನ ಗೂಡಿನಲ್ಲಿತ್ತು. ಅಂಥ ಹೊತ್ತಿಗೆಂದೇ ಪ್ರತಿಯೊಬ್ಬರ ಕೊರಳಲ್ಲೂ ಒಂದು ಬಿಲ್ಲೆ. ನಡುವಿನ ಗುಂಡಿ ಒತ್ತಿದರೆ ಕಾವಲು ಕೋಣೆಯಲ್ಲಿ ಗಂಟೆ ಹೊಡೆಯುತ್ತದೆ. ಗಂಟೆ ಹೊಡೆಯಲಿಲ್ಲ. ಬಾಗಿಲ ಪಕ್ಕದ ಗೋಡೆಯಲ್ಲಿ, ಹಲಗೆ ಒಡೆದು ಹೊರಬರಲೆಂದು ಒಂದು ಕೊಡಲಿ ತೂಗುಹಾಕಿದ್ದರು. ಅದೂ ಇದ್ದಲ್ಲೇ ಇತ್ತು. ಭಾನುವಾರ ಬೆಳಿಗ್ಗೆ ಬಾಗಿಲು ತೆಗೆದವರಿಗೆ ಅವನು ಬಾಗಿಲಿಗೆ ಬೆನ್ನು ಕೊಟ್ಟು, ಮೊಣಕಾಲು ಎದೆಗೆಳೆದುಕೊಂಡು, ಯಾರಿಗೋ ಕಾಯುತ್ತಿರುವವನ ಹಾಗೆ ಕುಳಿತಿದ್ದು ಕಂಡಿತು.

ಶನಿವಾರ ಇಡೀ ದಿನ ತಂಗಿ ಅವನನ್ನು ಹುಡುಕಿರಲಿಲ್ಲ. ಮುನಿಸಿಕೊಂಡು ಯಾವ ಗೆಳೆಯನ ಮನೆಯಲ್ಲೋ ಬಿದ್ದುಕೊಂಡಿರಬೇಕು, ಹಸಿವಾದಾಗ ಬರುತ್ತಾನೆ ಎಂದುಕೊಂಡಿದ್ದಳು. ಜಗಳವಾದರೂ ಎಂಥದು? ಮಗಳ ಶಾಲೆಗೆ ಬರುತ್ತೇನೆಂದು ಹೇಳಿ ಬಾರದೆ ಹೋದದ್ದಕ್ಕೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇವರಿಗೆ ಉಣ್ಣುವುದೂ ಸಿಗಲಿಲ್ಲ, ಒಟ್ಟಿಗೆ ಮಲಗುವುದೂ ಸಿಗಲಿಲ್ಲ. ಊರಿನ ಬಾಯಿ ಸುಮ್ಮನಿರುತ್ತದೆಯೇ? ಗುಂಡಿ ಒತ್ತಲಿಲ್ಲ, ಕೊಡಲಿ ಎತ್ತಲಿಲ್ಲ ಎಂದ ಮೇಲೆ ಅದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ತಂಗಿಯಂತೂ ಯಾರೂ ಹೇಳುವ ಮೊದಲೇ ತನಗೆ ತಾನೇ ತೀರ್ಪು ಕೊಟ್ಟುಕೊಂಡಿದ್ದಳು. ನನ್ನ ನಾಲಿಗೆ ಅವರನ್ನು ಕೊಂದಿತು ಎಂದು. ನಾಲಿಗೆಗೆ ಶಿಕ್ಷೆ ಕೊಡುವವಳ ಹಾಗೆ ಊಟ ಬಿಟ್ಟಿದ್ದಳು, ಮಾತು ಬಿಟ್ಟಿದ್ದಳು. ಮಗಳು ಎದುರಿಗೆ ಬಂದರೆ ಬಾಯಿಗೆ ಸೆರಗು ಒತ್ತಿಕೊಳ್ಳುತ್ತಿದ್ದಳು.

ಅಣ್ಣ ಲಕೋಟೆ ಹಿಡಿದು ಮನೆಗೆ ಬಂದ.

ಅವನನ್ನು ಅವನ ಚಿಪ್ ವಿನ್ಯಾಸದ ಕಚೇರಿಯಲ್ಲಿ ಜುಗ್ಗಣ್ಣ ಎನ್ನುತ್ತಿದ್ದರು. ಹಣಕಾಸಿನಲ್ಲಿ ಅವನೇನೂ ಜುಗ್ಗನಲ್ಲ, ಕೇಳಿದವರಿಗೆ ಕೈಯೆತ್ತಿ ಕೊಡುವವನೇ. ಜಿಪುಣತನವೆಲ್ಲ ಗೇಟುಗಳ ಮೇಲೆ. ಚಿಪ್‌ನೊಳಗೆ ದುಡಿಯುವ ಅತಿ ಚಿಕ್ಕ ಕೂಲಿಯಾಳಿಗೆ ಗೇಟು ಎಂದು ಹೆಸರು. ದೊಡ್ಡ ಯಂತ್ರಗಳಲ್ಲಿ ಅಂಥವರು ಕೋಟಿಗಟ್ಟಲೆ. ಗೋಡೆಗೆ ಅಂಟಿಸುವ ಉಷ್ಣಮಾಪಕ, ಬಾಗಿಲ ಬೀಗ, ಕೊರಳ ಬಿಲ್ಲೆಯಂಥ ಬಡವರಿಗೆ ಸಿಗುವುದು ಒಂದು ಹಿಡಿ. ಅಷ್ಟರಲ್ಲೇ ಅವು ಮಾತಾಡಬೇಕು. ಆಡಿದ ಮಾತು ತಮ್ಮದೇ ಎಂದು ಆಣೆಯಿಟ್ಟು ತೋರಿಸಲೂ ಬೇಕು. ಆ ಆಣೆಯೇ ಹ್ಯಾಶ್. ಸಂದೇಶವನ್ನೂ ಸಾಧನದ ಗುಟ್ಟಿನ ಕೀಲಿಯನ್ನೂ ಒಟ್ಟಿಗೆ ಹಾಕಿ, ಕಡಗೋಲಿಟ್ಟು ಕಡೆದ ಹಾಗೆ ಸುತ್ತು ಸುತ್ತು ಕಲಕಿ, ಕೊನೆಗೆ ಒಂದು ಪುಟ್ಟ ಮುದ್ರೆ ತೆಗೆಯುವುದು. ಮುದ್ರೆಯಿಲ್ಲದ ಮಾತನ್ನು ಬಿಲ್ಲೆ ಹೊರಗೆ ಬಿಡುವುದಿಲ್ಲ. ಮುದ್ರೆ ತಪ್ಪಿದ ಮಾತನ್ನು ಕಾವಲು ಕೋಣೆ ಕಿವಿಗೆ ಹಾಕಿಕೊಳ್ಳುವುದಿಲ್ಲ.

ನಾಲ್ಕು ವರ್ಷದ ಹಿಂದೆ ಉಷ್ಣಮಾಪಕ ಮಾಡುವವರೊಬ್ಬರು ಬಂದು, ಸಾವಿರ ಗೇಟಿನೊಳಗೆ ಹ್ಯಾಶ್ ಬೇಕು, ಸಾವಿರದೊಂದಾದರೂ ಬೇಡ ಎಂದು ಹಟ ಹಿಡಿದಿದ್ದರು. ಜುಗ್ಗಣ್ಣ ಹಗಲೆಲ್ಲ ಕೂತು ಉಜ್ಜಿ ಉಜ್ಜಿ ಸಾವಿರದ ಏಳಕ್ಕೆ ತಂದ. ಅಲ್ಲಿಂದ ಕೆಳಗೆ ಕಲ್ಲು. ವಾರಗಟ್ಟಲೆ ಒಂದು ಗೇಟೂ ಅಲುಗಲಿಲ್ಲ. ಕೊನೆಗೆ ಅವನ ಕಣ್ಣು ಸುತ್ತು ಎಣಿಸುವವನ ಮೇಲೆ ಬಿತ್ತು.

ಒಂದು ಮುದ್ರೆಗೆ ನೂರಾ ಇಪ್ಪತ್ತೇಳು ಸುತ್ತು ಕಲಕಬೇಕು. ಅದನ್ನು ಎಣಿಸಲು, ಸೊನ್ನೆ ಇಲ್ಲವೇ ಒಂದನ್ನು ಹಿಡಿದಿಡುವ ಏಳು ಬಿಟ್‌ಗಳು. ಒಂದು ಎರಡು ಮೂರು ಎಂದು ಕ್ರಮವಾಗಿ ಎಣಿಸಲು ಗೇಟು ಜಾಸ್ತಿ ತಗಲುತ್ತದೆಂದು ಈ ಕಸುಬಿನವರು ಬೇರೆ ಉಪಾಯ ಮಾಡುತ್ತಾರೆ. ಏಳನ್ನೂ ಒಂದರ ಹಿಂದೊಂದು ಸರಿಸುತ್ತ, ಎರಡನ್ನು ಬೆಸೆದು ತಲೆಗೆ ಸೇರಿಸುತ್ತ ಹೋದರೆ, ನೂರಾ ಇಪ್ಪತ್ತೇಳು ಬೇರೆ ಬೇರೆ ರೂಪಗಳು ಜಪಮಣಿಯ ಹಾಗೆ ಬೆರಳಡಿ ಜಾರಿ, ಮತ್ತೆ ಮೊದಲ ಮಣಿಗೇ ಬಂದು ನಿಲ್ಲುತ್ತವೆ. ಏಳು ಬಿಟ್‌ಗಳಿಗೆ ಇರುವ ರೂಪಗಳು ನೂರಾ ಇಪ್ಪತ್ತೆಂಟು. ಒಂದೇ ಒಂದು ಸರದ ಹೊರಗೆ ಉಳಿಯುತ್ತದೆ: ಏಳೂ ಸೊನ್ನೆ. ಸೊನ್ನೆಯನ್ನು ಸರಿಸಿದರೆ ಸೊನ್ನೆ, ಸೊನ್ನೆಗೆ ಸೊನ್ನೆ ಬೆಸೆದರೂ ಸೊನ್ನೆ. ಅಲ್ಲಿಗೆ ಬಿದ್ದವನು ಅಲ್ಲೇ.

ಹಾಗೆ ಬೀಳದಿರಲೆಂದು ಪ್ರತಿ ಬಿಟ್‌ಗೂ ರೀಸೆಟ್ ಇಡುತ್ತಾರೆ. ವಿದ್ಯುತ್ತು ಬಂದೊಡನೆ ಎಲ್ಲರನ್ನೂ ಮೊದಲ ಮಣಿಗೆ ಕೂರಿಸುವ ಏರ್ಪಾಟು. ರೀಸೆಟ್ ಇಲ್ಲದ ಬಿಟ್ ಸ್ವಲ್ಪ ಚಿಕ್ಕದು. ಏಳಕ್ಕೂ ತೆಗೆದರೆ ಒಂಬತ್ತು ಗೇಟು ಉಳಿಯುತ್ತಿತ್ತು. ಜುಗ್ಗಣ್ಣ ಹೀಗೆ ವಾದ ಕಟ್ಟಿದ: ಎಣಿಕೆ ಮುಗಿದಾಗ ಅದು ತಾನಾಗಿ ಮೊದಲ ಮಣಿಗೆ ಬರುತ್ತದೆ, ಮತ್ತೇಕೆ ರೀಸೆಟ್? ಎಚ್ಚರಾಗುವಾಗ ನಡುವಿನ ಯಾವುದೋ ಮಣಿಯಲ್ಲಿ ಎಚ್ಚರಾಯಿತು ಎನ್ನೋಣ. ಒಂದು ಸಂದೇಶ ಕೆಡುತ್ತದೆ, ಮರುಸಂದೇಶಕ್ಕೆ ಸರಿಹೋಗುತ್ತದೆ. ಉಷ್ಣಮಾಪಕದ ಬ್ಯಾಟರಿ ಒಳಗೇ ಬೆಸುಗೆಯಾಗಿರುವುದರಿಂದ ಜನ್ಮಕ್ಕೊಮ್ಮೆ ಎಚ್ಚರಾಗುವುದು, ಅದೂ ಕಾರ್ಖಾನೆಯಲ್ಲಿ, ಪರೀಕ್ಷಕರ ಕಣ್ಣೆದುರಿಗೆ.

ತೆಗೆದ. ಒಂಬೈನೂರ ತೊಂಬತ್ತೆಂಟು.

ಆ ದಿನ ಕಚೇರಿಯಲ್ಲಿ ಚಪ್ಪಾಳೆ ಬಿತ್ತು. ಒಬ್ಬಳು ಮಾತ್ರ ಕೈ ಕಟ್ಟಿ ನಿಂತಿದ್ದಳು. ಅವಳು ಇವರು ಮಾಡಿದ್ದನ್ನೆಲ್ಲ ಒರೆಗೆ ಹಚ್ಚಿ ನೋಡುವ ಕೆಲಸದವಳು. ಹಾಲನ್ನೂ ಸುಣ್ಣದ ನೀರೆಂದು ಸಂಶಯಪಡುತ್ತಾಳೆಂದು ಅವಳಿಗೆ ಅನುಮಾನದಮ್ಮ ಎಂದು ಹೆಸರು ಬಿದ್ದಿತ್ತು. "ಏಳೂ ಸೊನ್ನೆಯಾಗಿ ಎದ್ದರೆ?" ಎಂದು ಬರೆದು ಕೇಳಿದ್ದಳು. ಜುಗ್ಗಣ್ಣ ಬರೆದೇ ಉತ್ತರ ಕೊಟ್ಟಿದ್ದ.

ಆಮೇಲೆ ಎರಡು ವರ್ಷಕ್ಕೆ ಅದೇ ಹ್ಯಾಶ್ ಕೊರಳ ಬಿಲ್ಲೆಗೆ ಹೋಯಿತು. ಹೊಸ ಕೆಲಸಕ್ಕೆ ಇದು ಹೊಂದುತ್ತದೆಯೇ ಎಂಬ ಕಾಗದ ಬಂದಾಗ ಅವನು ಬ್ಯಾಟರಿಯ ಸಾಲೊಂದನ್ನೇ ನೋಡಿದ. ಬೆಸುಗೆಯದೇ. ಸಹಿ ಹಾಕಿದ. ಬಿಲ್ಲೆ ಎಂಥ ಜಾಗಕ್ಕೆ ಹೋಗುತ್ತದೆ ಎಂಬ ಸಾಲು ಎರಡನೆಯ ಪುಟದಲ್ಲಿತ್ತು.

ತಂಗಿಯ ಗಂಡನಿಗೆ ಆ ಬಿಲ್ಲೆ ಸಿಕ್ಕ ದಿನ ಅವನ ಸಂಭ್ರಮ ಹೇಳತೀರದು. "ನಮ್ಮ ಭಾವನ ಬಿಲ್ಲೆ ನನ್ನ ಕೊರಳಲ್ಲಿದೆ. ಇನ್ನು ಯಮನೂ ಚೀಟಿ ತೋರಿಸಿಯೇ ಒಳಗೆ ಬರಬೇಕು" ಎಂದು ಗೋದಾಮಿನಲ್ಲೆಲ್ಲ ಹೇಳಿಕೊಂಡು ತಿರುಗಿದ್ದ.

ಲಕೋಟೆಯೊಳಗಿನ ಕಾಗದಗಳನ್ನು ಜುಗ್ಗಣ್ಣ ರಜೆಯ ದಿನ ಊಟವಾದ ಮೇಲೆ ಮೇಜಿನ ಮೇಲೆ ಹರಡಿಕೊಂಡ. ತನಿಖೆಯ ವರದಿ ಎಂಟು ಪುಟ. ಕೊನೆಯ ಪುಟದಲ್ಲಿ ಆ ಬಿಲ್ಲೆಯಿಂದ ಕಾವಲು ಕೋಣೆಗೆ ಬಂದ ಸಂದೇಶಗಳ ಪಟ್ಟಿ. ಪ್ರತಿ ಸಂದೇಶಕ್ಕೂ ಒಂದು ಕ್ರಮಸಂಖ್ಯೆ ಇರುತ್ತದೆ. ಹಳೆಯ ಸಂದೇಶವನ್ನು ಯಾರೋ ಕದ್ದಿಟ್ಟುಕೊಂಡು ಮತ್ತೆ ಕೇಳಿಸಬಾರದೆಂದು ಮಾಡಿದ್ದು. ಗುಂಡಿ ಒತ್ತಿದೊಡನೆ ಬಿಲ್ಲೆ ಮೊದಲು ಸಂಖ್ಯೆಯನ್ನು ಒಂದು ಏರಿಸಿ, ಬ್ಯಾಟರಿ ಸತ್ತರೂ ಅಳಿಯದ ಕಡೆ ಬರೆದಿಡುತ್ತದೆ. ಆಮೇಲೆ ಮುದ್ರೆಗೆ ಹೋಗುತ್ತದೆ.

ಅಪಘಾತಕ್ಕೆ ಮೂರು ದಿನ ಮುಂಚೆ ವಾರದ ಪರೀಕ್ಷೆಗೆಂದು ಒತ್ತಿದ್ದು: ಮುನ್ನೂರ ಎಪ್ಪತ್ತೊಂದು. ಅದರ ಕೆಳಗಿನ ಸಾಲು, ಅಪಘಾತವಾಗಿ ಹದಿನೈದು ದಿನಕ್ಕೆ, ತನಿಖೆಯವರು ಬಿಲ್ಲೆಯನ್ನು ಬಿಚ್ಚಿ, ಬ್ಯಾಟರಿ ಕಳಚಿ, ತಂತಿಯಿಂದ ವಿದ್ಯುತ್ತು ಕೊಟ್ಟು ಒತ್ತಿ ನೋಡಿದ್ದು. ಪಕ್ಕದಲ್ಲಿ "ಸರಿಯಾಗಿ ಕೆಲಸ ಮಾಡುತ್ತಿದೆ" ಎಂದು ಬರೆದಿತ್ತು. ಸಂಖ್ಯೆ: ನಾನೂರ ಹದಿಮೂರು.

ಜುಗ್ಗಣ್ಣ ಕನ್ನಡಕ ತೆಗೆದು ಒರೆಸಿಕೊಂಡ. ಮತ್ತೆ ನೋಡಿದ. ಕಾವಲು ಕೋಣೆಗೆ ಹಿಂದಿನದಕ್ಕಿಂತ ದೊಡ್ಡ ಸಂಖ್ಯೆ ಬಂದರೆ ಸಾಕು. ಎಷ್ಟು ದೊಡ್ಡದು ಎಂದು ಅದು ಕೇಳುವುದಿಲ್ಲ. ತನಿಖೆಯವರೂ ಕೇಳಿರಲಿಲ್ಲ. ಅವನು ಬೆರಳಿನಿಂದ ಮೇಜಿನ ಮೇಲೆ ಕಳೆದ. ಮುನ್ನೂರ ಎಪ್ಪತ್ತೆರಡರಿಂದ ನಾನೂರ ಹನ್ನೆರಡರ ತನಕ. ಮತ್ತೊಮ್ಮೆ ಕಳೆದ. ಇಷ್ಟು ವರ್ಷ ಲೆಕ್ಕ ತಪ್ಪದಿರಲಿ ಎಂದು ಬೇಡಿಕೊಳ್ಳುತ್ತಿದ್ದವನು ಅಂದು, ದೇವರೇ, ಇದೊಂದು ತಪ್ಪಿರಲಿ ಎಂದು ಬೇಡಿಕೊಂಡ.

ನಲವತ್ತೊಂದು.

ತಂಗಿಯ ಗಂಡ ಒತ್ತಿದ್ದ. ನಲವತ್ತೊಂದು ಸಲ.

ಜುಗ್ಗಣ್ಣ ಎದ್ದು ಹೋಗಿ ಮನೆಯಲ್ಲಿದ್ದ ಪರೀಕ್ಷೆಯ ಪೆಟ್ಟಿಗೆ ತಂದ; ಬಿಲ್ಲೆಯ ಮಾತು ಕೇಳಿಸಿಕೊಳ್ಳುವ ಉಪಕರಣವದು. ಬಿಲ್ಲೆಗೆ ಅದರದೇ ಬ್ಯಾಟರಿಯನ್ನು ಮತ್ತೆ ಬೆಸೆದು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಫ್ರಿಜ್ಜಿನ ಮೇಲಿನ ಮಂಜಿನ ಅರೆಯಲ್ಲಿಟ್ಟ.

"ಬಟಾಣಿ ಪಕ್ಕ ಏನ್ರೀ ಅದು?" ಎಂದು ಹೆಂಡತಿ ಕೇಳಿದಳು.

"ಆಫೀಸಿನ ಕೆಲಸ."

"ಆಫೀಸೇ ತಂದು ಒಳಗಿಡಿ, ಬಟಾಣಿ ಹೊರಗೆ ಬರಲಿ" ಎಂದಳು. ಅವನು ನಗಲಿಲ್ಲ. ಅವಳು ಅವನ ಮುಖವನ್ನೊಮ್ಮೆ ನೋಡಿ, ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟಳು.

ಎರಡು ಗಂಟೆಯ ಮೇಲೆ ತೆಗೆದು ಒತ್ತಿದ. ಹಸಿರು ದೀಪ ಹತ್ತಿತು. ಪರೀಕ್ಷೆಯ ಪೆಟ್ಟಿಗೆ ಸುಮ್ಮನಿತ್ತು. ಮತ್ತೆ ಒತ್ತಿದ. ದೀಪ ಹತ್ತಿತು, ಪೆಟ್ಟಿಗೆ ಮೂಕ. ಆರು ಸಲ, ಏಳು ಸಲ. ಅವನಿಗೆ ಒಳಗಿನದೆಲ್ಲ ಕಣ್ಣಿಗೆ ಕಟ್ಟಿದಂತೆ ತೋರಿತು. ಚಳಿಗೆ ಬ್ಯಾಟರಿಯ ಶಕ್ತಿ ಉಡುಗಿರುತ್ತದೆ. ಮೊದಲ ಸಲ ಒತ್ತಿ ರೇಡಿಯೋ ಬಾಯಿ ತೆರೆದೊಡನೆ ಅದು ಒಂದು ಕ್ಷಣ ಕುಸಿಯುತ್ತದೆ. ಚಿಪ್ ಸತ್ತು ಹುಟ್ಟುತ್ತದೆ. ರೀಸೆಟ್ ಇಲ್ಲದ ಏಳು ಬಿಟ್‌ಗಳು ತಮತಮಗೆ ತೋಚಿದ ಹಾಗೆ ಏಳುತ್ತವೆ. ಈ ಬಿಲ್ಲೆಯಲ್ಲಿ, ಈ ಚಳಿಯಲ್ಲಿ, ಏಳೂ ಸೊನ್ನೆಯ ಕಡೆಗೆ ವಾಲುತ್ತವೆ. ಎಣಿಸುವವನು ಎಣಿಸುವುದಿಲ್ಲ. ಸುತ್ತು ಮುಗಿಯುವುದಿಲ್ಲ. ಮುದ್ರೆ ಹೊರಬರುವುದಿಲ್ಲ. ಮುದ್ರೆಯಿಲ್ಲದ ಮಾತು ಬಾಗಿಲು ದಾಟುವುದಿಲ್ಲ. ತನಿಖೆಯವರು ಬೆಚ್ಚಗಿನ ಕೋಣೆಯಲ್ಲಿ ಬ್ಯಾಟರಿ ಕಳಚಿದೊಡನೆ ಸೊನ್ನೆಗಳೆಲ್ಲ ಅಳಿಸಿಹೋಗಿ, ಅದು ಏನೂ ಆಗದವರ ಹಾಗೆ ಎದ್ದು ಕುಳಿತಿತ್ತು.

ದೀಪ ಮಾತ್ರ ಹತ್ತುತ್ತದೆ. ದೀಪದ ತಂತಿ ಗುಂಡಿಗೆ ಸೇರಿದ್ದು, ಮುದ್ರೆಗಲ್ಲ.

ಎಂಟನೆಯ ಸಲ ಒತ್ತಿ ಆ ಹಸಿರನ್ನು ನೋಡುತ್ತಿದ್ದಾಗ ಕೊಡಲಿಯ ವಿಷಯ ಅವನಿಗೆ ಹೊಳೆಯಿತು.  ದೀಪ ಹತ್ತುವುದನ್ನು ಕಂಡವನು ಬಾಗಿಲನ್ನೇಕೆ ಒಡೆಯುತ್ತಾನೆ? ಗೋದಾಮಿನ ಬಾಗಿಲು, ಒಡೆದರೆ ಒಳಗಿನ ಸರಕೆಲ್ಲ ಹಾಳು. ಮೇಸ್ತ್ರಿ ಅಂಥವನಲ್ಲ. ಸುದ್ದಿ ಮುಟ್ಟಿದೆ, ಯಾರೋ ಬರುತ್ತಿದ್ದಾರೆ, ಇನ್ನೇನು ಬಂದರು ಎಂದು ಬಾಗಿಲಿಗೆ ಬೆನ್ನು ಕೊಟ್ಟು ಕುಳಿತಿರುತ್ತಾನೆ. ತಡವಾದಾಗ ಮತ್ತೊಮ್ಮೆ ಒತ್ತಿರುತ್ತಾನೆ. ಕೊಡಲಿ ನೆನಪಾಗುವ ಹೊತ್ತಿಗೆ ಅದನ್ನೆತ್ತುವ ಕೈ ಉಳಿದಿರಲಿಲ್ಲ.

ಹೆಂಡತಿಗೆ ಎಲ್ಲವನ್ನೂ ಹೇಳಿದ. 

"ನಿಮ್ಮ ತಂಗಿಗೆ ಹೇಳಬೇಡಿ" ಎಂದಳು ಅವಳು.

"ತನ್ನ ಮಾತಿಂದ ಸತ್ತ ಅಂದ್ಕೊಂಡು ದಿನಾ ಸಾಯ್ತಿದ್ದಾಳೆ ಕಣೆ."

"ಗೊತ್ತು. ಆದ್ರೆ ಅವಳ ತಲೆ ಮೇಲಿನ ಕಲ್ಲು ಇಳಿಸೋಕೆ ಹೋಗಿ ಬಂಡೆ ಹೊರಿಸ್ತೀರಿ. ಬೇಡ. ಮೊದಲು ಆಫೀಸಿಗೆ ಹೇಳಿ, ಉಳಿದವರದ್ದು ನೋಡಿ."

ಆ ಮಾತು ಸರಿಯಿತ್ತು. ಅದೇ ಬಿಲ್ಲೆಗಳು ನಲವತ್ತು ಸಾವಿರ ಕೊರಳುಗಳಲ್ಲಿದ್ದವು.

ಮರುದಿನ ಅವನು ಕಚೇರಿಯ ಮುಖ್ಯಸ್ಥರ ಕೋಣೆಗೆ ಹೋದ. ಅನುಮಾನದಮ್ಮನನ್ನೂ ಕರೆದುಕೊಂಡು ಹೋದ. ಮಂಜುಗಡ್ಡೆ ತುಂಬಿದ ಡಬ್ಬಿಯಲ್ಲಿ ಬಿಲ್ಲೆಯನ್ನಿಟ್ಟು, ಅವರ ಮೇಜಿನ ಮೇಲೆಯೇ ಒತ್ತಿ ತೋರಿಸಿದ. ಮುಖ್ಯಸ್ಥರು ಒಳ್ಳೆಯವರೇ. ಅವರ ಮುಖ ಬಿಳಿಚಿಕೊಂಡಿತು. ಎದ್ದು ಹೋಗಿ ಬಾಗಿಲು ಮುಚ್ಚಿದರು.

"ನೂರಾ ಇಪ್ಪತ್ತೆಂಟಕ್ಕೆ ಒಂದು" ಎಂದರು. "ಅದೂ ಚಳಿಯಲ್ಲಿದ್ದರೆ. ಅದೂ ಬ್ಯಾಟರಿ ಹಳೇದಾಗಿದ್ದರೆ."

"ಚಳಿಗೋದಾಮಿಗೇ ಅಲ್ವಾ ಸಾರ್ ನಾವು ಮಾರಿದ್ದು?"

"ಗೊತ್ತಪ್ಪ. ಮುಂದಿನ ಚಿಪ್‌ನಲ್ಲಿ ರೀಸೆಟ್ ಹಾಕೋಣ. ಇವತ್ತೇ ಬರೆದಿಡು."

"ಈಗಾಗಲೇ ಬಿಲ್ಲೆಗಳಿಗೆ ಹಾಕಿದ ಚಿಪ್?"

"ಅದು ಕಲ್ಲಿನಲ್ಲಿ ಕೊರೆದದ್ದು. ನೀನೇ ಹೇಳು, ಬದಲಾಯಿಸೋಕೆ ಬರುತ್ತಾ?"

"ಬರಲ್ಲ. ವಾಪಸ್ ತರಿಸಬೇಕು."

"ನಲವತ್ತು ಸಾವಿರ ಬಿಲ್ಲೆ ವಾಪಸ್ ತರಿಸಿದ್ರೆ ನಾಳೆ ಈ ಬಾಗಿಲು ತೆರೆಯಲ್ಲ. ಅದಿರಲಿ, ಬಿಲ್ಲೆ ಕಿತ್ತುಕೊಂಡ್ರೆ ಅವರಿಗೆ ಬೇರೇನಿದೆ? ನೂರಾ ಇಪ್ಪತ್ತೇಳು ಜನಕ್ಕೆ ಕೆಲಸ ಮಾಡೋದನ್ನೂ ಕಿತ್ಕೊಂಡ ಹಾಗೆ ಆಗಲ್ವಾ? ತನಿಖೆ ಮುಗಿದಿದೆ. ನಿನ್ನ ತಂಗಿಯ ವಿಷಯ ನನಗೂ ಸಂಕಟ..." 

ಹೊರಗೆ ಬಂದ ಮೇಲೆ ಅನುಮಾನದಮ್ಮ ತನ್ನ ಮೇಜಿನ ಮುಂದೆ ಕುಳಿತು, ಹಳೆಯ ಪತ್ರವೊಂದನ್ನು ಪರದೆಯ ಮೇಲೆ ತೆರೆದಳು. ಚುಚ್ಚಲೆಂದಲ್ಲ. ಒಬ್ಬಳೇ ಓದಿಕೊಳ್ಳಲು ಆಗದೆ ಅವನನ್ನು ಕರೆದಳು. ನಾಲ್ಕು ವರ್ಷದ ಹಿಂದಿನ ಅವಳ ಪ್ರಶ್ನೆ, ಅದರ ಕೆಳಗೆ ಅವನದೇ ಉತ್ತರ: "ಏಳು ಸೊನ್ನೆಯನ್ನು ಒಟ್ಟಿಗೆ ಬೀಳಿಸುತ್ತ ಕೂರುವಷ್ಟು ದೇವರು ಬಿಡುವಾಗಿಲ್ಲ ಬಿಡಿ ಅಮ್ಮ."

"ಇದನ್ನ ಓದಿ ನಾನೂ ನಕ್ಕೆ" ಎಂದಳು. "ಅನುಮಾನ ಪಡೋದೇ ನನ್ನ ಕೆಲಸ. ನಕ್ಕು, ಪ್ರಶ್ನೆ ಮುಚ್ಚಿದೆ. ಕೆಳಗೆ ನನ್ನ ಸಹಿನೂ ಇದೆ ನೋಡಿ."

ಅವನು ನೋಡಿದ. ಆದರೆ ಅವನ ಕಣ್ಣು ನಿಂತದ್ದು ಮೇಲಿನ ಸಾಲಿನಲ್ಲಿ. ಬೆಳಿಗ್ಗೆ ಎದ್ದು ಕೈಮುಗಿಯದೆ ನೀರು ಮುಟ್ಟದವನು ಅವನು. ಬಾಲ್ಯದಲ್ಲಿ ಮನೆಯ ಹಿರಿಯರು ಪದ್ಯ ಹೇಳುವಾಗ ಕಂಬಕ್ಕೊರಗಿ ಕೇಳುತ್ತ ಬೆಳೆದವನು. ಕೇಳಿ ಕೇಳಿ ದೇವರೆಂದರೆ ಸಲಿಗೆ ಬೆಳೆದಿತ್ತು. ಆ ಸಲಿಗೆಯಲ್ಲೇ ಬರೆದದ್ದು ಅದು. ಈಗ ಅದನ್ನು ಓದಿದರೆ, ತಾನು ಮಾಡಬೇಕಿದ್ದ ಕಾವಲನ್ನು ದೇವರ ಮೇಲೆ ಹಾಕಿ ಮನೆಗೆ ಹೋಗಿ ಮಲಗಿದವನೊಬ್ಬನ ಬರಹದ ಹಾಗೆ ಕಂಡಿತು. ಆ ದಿನದಿಂದ ಅವನು ಬೆಳಿಗ್ಗೆ ಕೈ ಜೋಡಿಸಲಿಲ್ಲ. ಮುನಿಸಲ್ಲ. ಯಾವ ಮುಖ ಹೊತ್ತು ನಿಲ್ಲುವುದು?

ಗೋದಾಮಿಗೆ ತಾನೇ ಫೋನ್ ಮಾಡಿದ. ಅಲ್ಲಿನ ಸುರಕ್ಷತೆಯ ಅಧಿಕಾರಿ ತಾಳ್ಮೆಯಿಂದ ಕೇಳಿ, "ಒಂದು ನಿಮಿಷ ಇರಿ ಸ್ವಾಮಿ" ಎಂದ. ಫೋನಿನಾಚೆ ಯಾರನ್ನೋ ಕೂಗಿದ: "ಏ, ನಿನ್ನ ಬಿಲ್ಲೆ ಒತ್ತಯ್ಯ!" ದೂರದಲ್ಲಿ ಗಂಟೆ ಹೊಡೆಯಿತು.

"ಕೇಳಿಸ್ತಾ? ಬಂತಲ್ಲ."

"ಅದು ಬರುತ್ತೆ. ಬರದೇ ಇರೋದು ಒಂದಿರುತ್ತೆ. ಚಳಿಯೊಳಗೆ..."

"ಚಳಿಯೊಳಗಿಂದಾನೇ ಒತ್ತಿಸಿದ್ದು. ನೋಡಿ, ತೀರಿಹೋದವರು ನಿಮ್ಮ ಬಂಧುಗಳು ಅಂತ ಗೊತ್ತು. ದುಃಖದಲ್ಲಿ ಮನಸ್ಸು ಏನೇನೋ ಹೇಳುತ್ತೆ. ನೀವು ಒಂದಷ್ಟು ದಿನ ರಜಾ ಹಾಕಿ."

"ಸಂಖ್ಯೆ ನೋಡಿ. ಮುನ್ನೂರ ಎಪ್ಪತ್ತೊಂದು ಆದ ಮೇಲೆ ನಾನೂರ ಹದಿಮೂರು..."

"ಬಿಲ್ಲೆ ಮಾಡಿದವರು ನೀವೇ, ಬಿಲ್ಲೆ ಸರಿಯಿಲ್ಲ ಅನ್ನೋರೂ ನೀವೇ. ನಿಮ್ಮ ಕಂಪನಿಯಿಂದ ಕಾಗದ ಬರಲಿ ಸ್ವಾಮಿ, ನೋಡೋಣ."

ಕಾಗದ ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಜುಗ್ಗಣ್ಣ ಇನ್ನೂ ನಾಲ್ಕು ಗೋದಾಮುಗಳಿಗೆ ಪತ್ರ ಬರೆದ. ಎರಡರಿಂದ ಉತ್ತರವಿಲ್ಲ. ಮೂರನೆಯವರು, ತಮ್ಮಲ್ಲಿ ಎಲ್ಲ ಬಿಲ್ಲೆಗಳ ಪರೀಕ್ಷೆ ವಾರವಾರವೂ ನಡೆಯುತ್ತದೆ, ಎಲ್ಲವೂ ಸರಿಯಿವೆ ಎಂದು ಬರೆದರು. ನಾಲ್ಕನೆಯವರು ಅವನ ಪತ್ರವನ್ನು ಅವನ ಮುಖ್ಯಸ್ಥರಿಗೇ ಕಳಿಸಿದರು. ಅವರು ಅವನನ್ನು ಕರೆದು ಬೈಯಲಿಲ್ಲ. ಅವನ ಮೇಜಿನಿಂದ ಚಿಪ್‌ನ ಕೆಲಸವನ್ನು ತೆಗೆದು ಬೇರೆಯವರಿಗೆ ಕೊಟ್ಟರು, ಅಷ್ಟೆ.

ಆ ಲೆಕ್ಕ ತಿಳಿದ ಹತ್ತೊಂಬತ್ತನೆಯ ದಿನ, ಒಂದು ಮಧ್ಯಾಹ್ನ, ಅವನು ತಂಗಿಯ ಮನೆಗೆ ಹೋದ. ಹೆಂಡತಿಗೆ ಹೇಳಿ ಹೋಗಲಿಲ್ಲ. ಮಗಳು ಶಾಲೆಯಲ್ಲಿದ್ದಳು. ತಂಗಿ ಕಿಟಕಿಯ ಕೆಳಗೆ ನೆಲದ ಮೇಲೆ ಕುಳಿತಿದ್ದಳು. ಅವನೂ ಎದುರಿಗೆ ನೆಲದ ಮೇಲೆಯೇ ಕುಳಿತ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ. ಕೊನೆಗೆ, "ನಿನ್ನ ಮಾತಿಂದ ಅಲ್ಲ ಕಣಮ್ಮ. ಭಾವ ಗುಂಡಿ ಒತ್ತಿದ್ರು" ಎಂದಷ್ಟೇ ಬಂತು. ಆಮೇಲೆ ಒಂದೊಂದಾಗಿ, ಮಗುವಿಗೆ ಹೇಳುವ ಹಾಗೆ, ಎಲ್ಲವನ್ನೂ ಹೇಳಿದ. ಒಂಬತ್ತು ಗೇಟು. ಏಳು ಸೊನ್ನೆ. ತನ್ನ ಸಹಿ. ಹತ್ತುವ ದೀಪ. ತಾನು ಬರೆದ ತಮಾಷೆಯ ಮಾತನ್ನೂ ಬಿಡಲಿಲ್ಲ.

 ಮುಗಿದ ಮೇಲೆ ಅವಳು ಕೇಳಿದಳು:

"ಎಷ್ಟು ಸಲ ಅಂದೆ?"

"ನಲವತ್ತೊಂದು."

"ಕೊನೇದು ಎಷ್ಟು ಹೊತ್ತಿಗೆ?"

"ಅದು ಗೊತ್ತಾಗಲ್ಲ. ಅದರೊಳಗೆ ಗಡಿಯಾರ ಇಲ್ಲ."

"ಯಾಕಿಲ್ಲ?"

"ಜಾಗ ಇರಲಿಲ್ಲ."

ಅವಳು ತಲೆಯಾಡಿಸಿದಳು, ಅಂಗಡಿಯವನು ಬಟ್ಟೆ ಮುಗಿದಿದೆ ಎಂದಾಗ ಆಡಿಸುವ ಹಾಗೆ. ಬೀದಿಯಲ್ಲಿ ಯಾರೋ ಗಾಡಿ ನಿಲ್ಲಿಸಿ, ಮತ್ತೆ ಹೊರಟರು.

"ಶನಿವಾರ ಮಧ್ಯಾಹ್ನ ನಾನು ಮಲಗಿದ್ದೆ" ಎಂದಳು. "ಸಂಜೆ ಎದ್ದು ಅನ್ನ ಮಾಡ್ದೆ. ಅವರಿಗೂ ಸೇರಿಸಿ. ಆಗ ಎಷ್ಟನೇದು ಒತ್ತುತಿದ್ರೋ."

"ಅಮ್ಮಾ..."

"ಇರು ಅಣ್ಣ. ನೀನು ಹೇಳಿದೆ, ನಾನು ಕೇಳ್ದೆ. ಈಗ ನಾನು ಹೇಳ್ತೀನಿ. ಮೂರು ತಿಂಗಳು ನನ್ನ ಮಾತಿಂದಾನೇ ಹೋದ್ರು ಅಂದ್ಕೊಂಡಿದ್ದೆ. ಸಂಕಟ ಇರಲಿಲ್ವಾ, ಇತ್ತು. ಅನ್ನ ಇಳೀತಿರಲಿಲ್ಲ. ಆದ್ರೆ ಒಂದು ಸಮಾಧಾನ ಇತ್ತು. ಸಿಟ್ಟಲ್ಲಿ ಹೋದವರಿಗೆ ಭಯ ಇರಲ್ಲ. ಬೇಕು ಅಂತಾನೇ ಕೂತರು, ನಿದ್ದೆ ಬಂದ ಹಾಗೆ ಬಂತು, ಹೋದರು. ನನ್ನ ಮೇಲೆ ಮುನಿಸ್ಕೊಂಡು ನೆಮ್ಮದಿಯಾಗಿ ಹೋದ್ರು ಅಂತ." ಅವಳು ಉಸಿರು ಎಳೆದುಕೊಂಡಳು. "ಈಗ ನೀನು ಹೇಳ್ತಿದ್ದೀಯ, ಅವರು ಮನೆಗೆ ಬರಬೇಕು ಅಂತಿದ್ರು ಅಂತ. ನಲವತ್ತೊಂದು ಸಲ."

ಅವಳು ಅಂಗಿಗಳ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ ಮತ್ತೆ ಕೇಳಿದಳು:

"ಬೇರೆಯವರ ಕೊರಳಲ್ಲಿ ಇನ್ನೂ ಇದೆಯಾ ಇದು?"

"ಇದೆ."

"ಅವರಿಗೆ ಹೇಳಿದ್ಯಾ?"

"ಎಲ್ಲರಿಗೂ ಹೇಳ್ದೆ. ಯಾರೂ ನಂಬಲಿಲ್ಲ."

"ನಾನು ನಂಬ್ತೀನಿ ಅಂತ ಬಂದೆ."

ಅದು ಪ್ರಶ್ನೆಯಾಗಿರಲಿಲ್ಲ. ಅವಳು ದನಿಯೇರಿಸಿಯೂ ಇರಲಿಲ್ಲ. ಹತ್ತೊಂಬತ್ತು ದಿನ ಅವನು ತನ್ನನ್ನು ತಾನು ಏನೇನೋ ಕೇಳಿಕೊಂಡಿದ್ದ, ಇದೊಂದನ್ನು ಕೇಳಿಕೊಂಡಿರಲಿಲ್ಲ. ತಂಗಿಯ ಭಾರ ಇಳಿಸಲು ಹೊರಟೆ ಎಂದುಕೊಂಡೇ ಬಂದಿದ್ದ. ಇಳಿಸಿಕೊಳ್ಳಲು ಬಂದದ್ದು ಯಾರ ಭಾರವನ್ನೆಂದು ಈಗ ಅವಳು ನೋಡುತ್ತಿದ್ದಳು, ಅವನೂ ನೋಡುತ್ತಿದ್ದ. ಅದೂ ಇಳಿದಿರಲಿಲ್ಲ.

"ಮಗಳಿಗೆ ಹೇಳಬೇಡ" ಎಂದಳು. "ಅವಳಿಗೆ, ಅಪ್ಪ ನಿದ್ದೇಲಿ ಹೋದ್ರು ಅಂತ ಹೇಳಿದ್ದೀನಿ. ಅದು ಹಾಗೇ ಇರಲಿ."

"ಇಲ್ಲ, ಹೇಳಲ್ಲ."

"ನೀನು ಅವಳ ಮುಂದೆ ಕೂತ್ರೆ ನಿನ್ನ ಮುಖಾನೇ ಹೇಳುತ್ತೆ. ಬರಬೇಡ ಅಣ್ಣ ಇನ್ನು."

ಮನೆಗೆ ಬರಬೇಡ ಎಂಬ ಮಾತನ್ನು ಆ ಬಾಯಿ ಇನ್ನೆಂದೂ ಆಡುವುದಿಲ್ಲವೆಂದು ಅವಳು ಆಣೆ ಮಾಡಿಕೊಂಡಿದ್ದಿರಬೇಕು. ಆಡಿದ ಮೇಲೆ ಬಾಯಿಗೆ ಸೆರಗು ಒತ್ತಿಕೊಂಡಳು. ಆದರೆ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅವನು ಗೋಡೆ ಹಿಡಿದು ಎದ್ದ. ಕಾಲು ಜೋಮು ಹಿಡಿದಿತ್ತು. ಬಾಗಿಲ ಬಳಿ ಚಪ್ಪಲಿ ಮೆಟ್ಟಿಕೊಳ್ಳುವಾಗ ಅವಳು ಹಿಂದಿನಿಂದ ಏನಾದರೂ ಹೇಳಬಹುದೆಂದು ಒಂದು ಕ್ಷಣ ಹೆಚ್ಚಾಗಿ ಬಾಗಿಯೇ ನಿಂತ.  ಬಾಗಿಲನ್ನು ತಾನೇ ಎಳೆದುಕೊಂಡು, ಚಿಲಕ ಕೂತಿತೇ ಎಂದು ನೋಡಿ, ಮೆಟ್ಟಿಲು ಇಳಿದ.